ಅಪ್‌ಡೇಟ್: ಮದುವೆಗೆ ಮೊದಲು ಕೊಂಡ ಕುಂಜಿಬೆಟ್ಟಿನ ಫ್ಲ್ಯಾಟ್

ಮದುವೆಗೆ ನಾಲ್ಕು ವರ್ಷ ಮೊದಲು ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನ ಹೆಸರಿಗೆ ಕೊಂಡ ಫ್ಲ್ಯಾಟಿನಲ್ಲಿ ವಿಚ್ಛೇದನದ ವೇಳೆ ಪತ್ನಿಗೆ ಅರ್ಧ ಪಾಲು ಹೋಗುತ್ತದೆಯೇ ಎಂದು ಕೇಳಿದ್ದೆ. ವಕೀಲರು ಕ್ರಯಪತ್ರದ ತಾರೀಖಿನ ಮೇಲೆ ಬೆರಳಿಟ್ಟು, ನಮ್ಮ ಕಾನೂನಿನಲ್ಲಿ ಹಾಗೆ ಅರ್ಧಕ್ಕೆ ಪಾಲು ಮಾಡುವ ಪದ್ಧತಿಯಿಲ್ಲ, ಮನೆ ನಿಮ್ಮದಾಗಿಯೇ ಉಳಿಯುತ್ತದೆ ಎಂದರು. ಆದರೆ ನಾನು ಸಮಾಧಾನಪಡುವ ಮೊದಲೇ, 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಶಾಶ್ವತ ಜೀವನಾಂಶ ನಿಗದಿಪಡಿಸುವಾಗ ನ್ಯಾಯಾಲಯವು ಈ ಆಸ್ತಿಯನ್ನೂ ಗಣನೆಗೆ ತೆಗೆದುಕೊಳ್ಳಬಹುದೆಂದೂ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೆ ಒಟ್ಟಿಗೆ ಬಾಳಿದ ಮನೆಯಿಂದ ಆಕೆಯನ್ನು ಕಾನೂನು ಕ್ರಮವಿಲ್ಲದೆ ಹೊರಹಾಕುವಂತಿಲ್ಲವೆಂದೂ ತಿಳಿಸಿದರು. ಬೀಗ ಬದಲಿಸೆಂದಿದ್ದ ಬಂಧುಗಳ ಮಾತು ಕೇಳದಿದ್ದುದೇ ಒಳ್ಳೆಯದಾಯಿತು. ಆಕೆಯ ಖಾತೆಯಿಂದ ಹೋದ ಫ್ಲ್ಯಾಟಿನ ಸಾಲದ 22 ಕಂತುಗಳು ಪಾಸ್‌ಬುಕ್ಕಿನಲ್ಲಿ ಸ್ಪಷ್ಟವಾಗಿದ್ದವು. ಆ ಹಣ ಹಿಂತಿರುಗಿಸಲು ಒಪ್ಪಿ, ಕಳೆದ ವಾರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಸಲ್ಲಿಸಿದೆವು.