ನಿಂತರೆ ವಾಪಸ್ ಬರುತ್ತಾಳೆ, ಹೊರಟರೆ ಮತ್ತೆ ಎಳೆಯುತ್ತಾಳೆ!

ಪ್ರಶ್ನೆ:
ನಮ್ಮ ನಾಯಿ ಚುಕ್ಕಿ ಮನೆಗೆ ಬಂದು ಮೂರು ವಾರ ಆಯ್ತು. ಒಂದೂವರೆ ವರ್ಷ ಇರಬಹುದು. ಮನೆಯೊಳಗೆ ಬಲು ಸಾಧು. ಹೊರಗೆ ಕಾಲಿಟ್ಟರೆ ಗಾಡಿ ಎತ್ತಿನ ಹಾಗೆ ಎಳೆಯುತ್ತಾಳೆ. ಎಳೆದಾಗ ನಿಂತುಬಿಡಬೇಕು ಅಂತ ಓದಿದ್ದೆ, ಹಾಗೇ ಮಾಡುತ್ತಿದ್ದೇನೆ. ನಿಂತ ತಕ್ಷಣ ಓಡಿ ಬಂದು ಟ್ರೀಟ್ ತಿನ್ನುತ್ತಾಳೆ, ಮತ್ತೆ ಎಳೆತ ಶುರು. ಇಪ್ಪತ್ತು ನಿಮಿಷ ಆದರೂ ಬೀದಿ ಕೊನೆ ಮುಟ್ಟಿರುವುದಿಲ್ಲ. ಕತ್ತಿನ ಬೆಲ್ಟ್ ಬಿಗಿದು ಕೆಮ್ಮುತ್ತಾಳೆ ಬೇರೆ.

ಉತ್ತರ 1:
ಮೊದಲು ಕೆಮ್ಮಿನ ವಿಷಯ. ಕತ್ತಿನ ಬೆಲ್ಟಿಗೆ ಲೀಶ್ (ಕೈಯಲ್ಲಿ ಹಿಡಿಯುವ ಹಗ್ಗ) ಹಾಕುವುದನ್ನು ಇವತ್ತೇ ಬಿಡಿ, ಎಳೆದಷ್ಟೂ ಉಸಿರಿನ ಕೊಳವೆ ಒತ್ತುತ್ತದೆ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್, ಅಂದರೆ ಎದೆ-ಬೆನ್ನು ಸುತ್ತಿ ಹಾಕುವ ಪಟ್ಟಿ, ತನ್ನಿ. ಎಳೆದರೆ ಅವಳ ಮೈ ನಿಮ್ಮ ಕಡೆಗೇ ತಿರುಗುತ್ತದೆ. ಅಡಿಯಲ್ಲಿ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಆಮೇಲೂ ಕೆಮ್ಮಿದರೆ ಡಾಕ್ಟರಿಗೆ ತೋರಿಸಿ. ಅಂದಹಾಗೆ ಲೀಶ್ ಯಾವುದು? ತಾನೇ ಸುತ್ತಿಕೊಳ್ಳುವಂಥದ್ದಾ?

ಪ್ರಶ್ನೆ ಕೇಳಿದವರು:
ಹೌದು, ಅದೇ. 5 ಮೀಟರಿನದು.

ಉತ್ತರ 1:
ಅದನ್ನು ಎತ್ತಿಡಿ. ಒಳಗಿನ ಸ್ಪ್ರಿಂಗ್ ಸದಾ ಜಗ್ಗುತ್ತಿರುತ್ತದೆ. ಎಳೆದರಷ್ಟೇ ಉದ್ದ ಸಿಗುತ್ತದೆ. ಎಳೆಯುವುದನ್ನು ಲೀಶೇ ಕಲಿಸುತ್ತಿದೆ ಅಲ್ವಾ! 2 ಮೀಟರಿನ ಮಾಮೂಲಿ ಲೀಶ್ ಸಾಕು.

ಉತ್ತರ 2:
ಲೀಶ್ ಬದಲಿಸಿ, ಸರಿ. ಆದರೆ ಟ್ರೀಟ್ ಯಾವಾಗ ಕೊಡುತ್ತಿದ್ದೀರಿ ನೋಡಿ. ಎಳೆದು ವಾಪಸ್ ಬಂದ ಮೇಲೆ! ಚುಕ್ಕಿಯ ಲೆಕ್ಕದಲ್ಲಿ ಎಳಿ, ತಿರುಗು, ತಿನ್ನು ಎಲ್ಲಾ ಸೇರಿ ಒಂದೇ ಆಟ. ನಮ್ಮನೆ ನಾಯಿಯೂ ಎರಡು ತಿಂಗಳು ನನ್ನನ್ನು ಹೀಗೇ ಆಡಿಸಿತ್ತು.

ವಾಪಸ್ ಬಂದಾಗ ಏನೂ ಕೊಡದೆ ಸುಮ್ನೆ ಹೊರಡಿ. ಪಕ್ಕದಲ್ಲಿ ಎರಡು ಹೆಜ್ಜೆ ಇಟ್ಟಳಾ, ಲೀಶ್ ಇನ್ನೂ ಜೋತುಬಿದ್ದಿದೆಯಾ, ಆಗ ಕೊಡಿ. ಆಮೇಲೆ ಮೂರು ಹೆಜ್ಜೆಗೆ, ಐದಕ್ಕೆ. ಕಾಳಿನಷ್ಟು ಚೂರು ಸಾಕು. ಕೈ ನಿಮ್ಮ ಪ್ಯಾಂಟಿನ ಹೊಲಿಗೆಗೆ ತಾಗಿರಲಿ, ಅಲ್ಲೇ ತಿನ್ನಲಿ. ಕೈ ಮುಂದೆ ಚಾಚಿದರೆ ಅವಳೂ ಅಡ್ಡ ಬಂದು ನಿಲ್ಲುತ್ತಾಳೆ. ಮೊದಲು ಮನೆಯೊಳಗೇ ಐದೈದು ನಿಮಿಷ ಮಾಡಿ. ಹೊರಗೆ ಕಂಬ ಮೂಸಬೇಕು ಅಂದರೆ ಬಿಡಿ, ಲೀಶ್ ಸಡಿಲ ಇದ್ದರೆ ಮಾತ್ರ. ಅವಳಿಗೆ ಟ್ರೀಟಿಗಿಂತ ಅದೇ ಜಾಸ್ತಿ ರುಚಿ ಅನಿಸಬಹುದು.

ಪ್ರಶ್ನೆ ಕೇಳಿದವರು (ಹತ್ತು ದಿನದ ನಂತರ):
ಕೆಮ್ಮು ನಿಂತಿದೆ. ನಿನ್ನೆ ಬೀದಿ ಕೊನೆವರೆಗೂ ಎರಡೇ ಸಲ ಎಳೆದಳು! ಬೆಕ್ಕು ಕಂಡರೆ ಮಾತ್ರ ಟ್ರೀಟ್ ಮೂಗಿಗೆ ಹಿಡಿದರೂ ನೋಡಲ್ಲ.

ಉತ್ತರ 2:
ಆಗ ಕಲಿಸಲು ಹೋಗಬೇಡಿ, ತಲೆಗೆ ಏನೂ ಹೋಗಲ್ಲ. ತಿರುಗಿ ದೂರ ನಡೆಯಿರಿ. ಎಷ್ಟು ದೂರದಲ್ಲಿ ಟ್ರೀಟ್ ತಿನ್ನುತ್ತಾಳೋ ಅಲ್ಲಿಂದ ಶುರು ಮಾಡಿ.