37 ವಾರ ದಾಟಿದೆ, ಮನೆ ಭಾಗಮಂಡಲದಿಂದ ಒಳಗೆ: ಯಾವ ನೋವಿಗೆ ಹೊರಡಬೇಕು?

ಏಲಕ್ಕಿಮಲೆ:
ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಇವತ್ತಿಗೆ 37 ವಾರ 4 ದಿನ. ಮನೆ ಭಾಗಮಂಡಲದಿಂದ ಇನ್ನೂ ಒಳಗೆ, ತೋಟದ ದಾರಿಗೆ ಜೀಪೇ ಆಗಬೇಕು. ತೋರಿಸುತ್ತಿರುವುದು ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ. ಕೊನೆಯ ಸ್ಕ್ಯಾನಿನಲ್ಲಿ ಮಗುವಿನ ತಲೆ ಕೆಳಗೇ ಇದೆ, ಬಿಪಿ ಸರಿಯಿದೆ, ಹಿಮೋಗ್ಲೋಬಿನ್ 10.4, ರಕ್ತದ ಗುಂಪು ಒ ನೆಗೆಟಿವ್.

ನಾಲ್ಕು ದಿನದಿಂದ ಸಂಜೆಯಾದರೆ ಹೊಟ್ಟೆ ಬಿಗಿಯುತ್ತದೆ, ಮಲಗಿದರೆ ಬಿಡುತ್ತದೆ. ಹೊಟ್ಟೆ ಇಳಿದ ಹಾಗೆ ಕಾಣುತ್ತಿದೆ. ಉಸಿರಾಟ ಸಲೀಸಾಗಿದೆ, ಆದರೆ ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕು. ನಿನ್ನೆ ಬೆಳಿಗ್ಗೆ ಒಂದು ಚಮಚದಷ್ಟು ಅಂಟು ಲೋಳೆ ಹೋಯಿತು, ಅದರಲ್ಲಿ ಕಂದು ಗೆರೆ ಇತ್ತು. ಅಜ್ಜಿ ‘ನೋವು ಬೆನ್ನಿಂದ ಬರಬೇಕು, ಇದು ಸುಳ್ಳು ನೋವು’ ಅನ್ನುತ್ತಾರೆ. ಫೋನಿನಲ್ಲಿ ಹುಡುಕಿದರೆ ಐದು ನಿಮಿಷಕ್ಕೊಂದು ನೋವು ಬರುವವರೆಗೆ ಮನೆಯಲ್ಲೇ ಇರಿ ಅಂತ ಬರುತ್ತದೆ. ಈ ಮಳೆಯಲ್ಲಿ ಅಷ್ಟು ಹೊತ್ತು ಕಾಯಬಹುದೇ?

ಇನ್ನೊಂದು ವಿಷಯ. ಕಕ್ಕಡ 18, ಅಂದರೆ ಆಗಸ್ಟ್ 3ರ ಮದ್ದುಸೊಪ್ಪಿನ ಹಬ್ಬ, ಹತ್ತಿರ ಬಂತು. ಮದ್ದುಸೊಪ್ಪಿನ ಪಾಯಸ ಅವಳಿಗೆ ಕೊಡಬಹುದೇ?

ಹೆರಿಗೆವಾರ್ಡ್:
ನೀವು ಬರೆದಿರುವುದೆಲ್ಲ ‘ಹತ್ತಿರ ಬಂತು’ ಅನ್ನುವ ಲಕ್ಷಣಗಳು, ‘ಶುರುವಾಯಿತು’ ಅನ್ನುವವಲ್ಲ. ಚೊಚ್ಚಲ ಬಸಿರಿನಲ್ಲಿ ಹೆರಿಗೆಗೆ ಎರಡರಿಂದ ನಾಲ್ಕು ವಾರ ಮೊದಲೇ ಮಗುವಿನ ತಲೆ ಕೆಳಗಿಳಿಯಬಹುದು. ಎದೆಯ ಕೆಳಗೆ ಜಾಗ ಸಿಕ್ಕಿ ಉಸಿರು ಸಲೀಸು, ಮೂತ್ರಕೋಶ ಒತ್ತಿ ಓಡಾಟ ಜಾಸ್ತಿ. ಲೋಳೆ ಎಂದರೆ ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದ ಬಿರಡೆ. ಬಾಯಿ ಮೆತ್ತಗಾಗತೊಡಗಿದಾಗ ಅದು ಜಾರಿ ಬರುತ್ತದೆ. ನಸುಗೆಂಪು ಅಥವಾ ಕಂದು ಗೆರೆ ಇರುವುದು ಸಾಮಾನ್ಯ. ಅದಾದ ಮೇಲೆ ಕೆಲವರಿಗೆ ಅದೇ ದಿನ ನೋವು ಬರುತ್ತದೆ, ಕೆಲವರಿಗೆ ವಾರವೇ ಹಿಡಿಯುತ್ತದೆ. ಡಾಕ್ಟರು ಒಳಪರೀಕ್ಷೆ ಮಾಡಿದ ಮಾರನೆ ದಿನ ಕಾಣುವ ಕಂದು ಕಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಪರೀಕ್ಷೆಯಿಂದ ಬಂದದ್ದು. ಆದರೆ ಕೆಂಪು ರಕ್ತ ಹರಿದರೆ ಅದು ಲೋಳೆಯಲ್ಲ. ನಿಮ್ಮ ತಂಗಿ ನೆಗೆಟಿವ್ ಗುಂಪಿನವರು, ಅವರ ವಿಷಯದಲ್ಲಿ ಸ್ವಲ್ಪ ರಕ್ತಕ್ಕೂ ಹೊರಡಿ.

ಅಜ್ಜಿಯ ಮಾತು ಅರ್ಧ ನಿಜ. ನಿಜ ನೋವು ಹಲವರಿಗೆ ಸೊಂಟದ ಹಿಂದೆ ಹುಟ್ಟಿ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ. ಆದರೆ ಬರೀ ಕಿಬ್ಬೊಟ್ಟೆಯಲ್ಲಿ ಮುಟ್ಟಿನ ನೋವಿನ ಹಾಗೆ ಶುರುವಾಗಿ ಹೆರಿಗೆಯಲ್ಲೇ ಮುಗಿಯುವುದೂ ಉಂಟು, ಕೆಲವರಿಗೆ ತೊಡೆಗಿಳಿಯುತ್ತದೆ. ಜಾಗ ನೋಡಿ ತೀರ್ಮಾನ ಮಾಡಬೇಡಿ, ನಡತೆ ನೋಡಿ.

ನೋಡುವ ಕ್ರಮ ಹೀಗೆ. ಬಿಗಿತ ಶುರುವಾದಾಗ ಮೂತ್ರ ಮಾಡಿಸಿ, ಎರಡು ಲೋಟ ನೀರೋ ಗಂಜಿತಿಳಿಯೋ ಕುಡಿಸಿ. ಕುಳಿತಿದ್ದರೆ ಸ್ವಲ್ಪ ನಡೆಯಲಿ, ನಡೆಯುತ್ತಿದ್ದರೆ ಎಡಮಗ್ಗುಲಾಗಿ ಮಲಗಲಿ. ನೀವು ಅಂಗೈ ಹೊಟ್ಟೆಯ ಮೇಲ್ಭಾಗದಲ್ಲಿ, ಹೊಕ್ಕುಳಿನ ಮೇಲೆ ಇಟ್ಟುಕೊಳ್ಳಿ. ಬೆರಳೊತ್ತಿದರೆ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಸಣ್ಣ ಬಿಗಿತ, ಹಣೆಯಷ್ಟು ಗಟ್ಟಿಯಾಗಿ ಬೆರಳು ತಗ್ಗದೆ ಹೋದರೆ ಬಲವಾದದ್ದು. ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ಹೊತ್ತಿಗೆ ಎಷ್ಟು ನಿಮಿಷ, ಮತ್ತು ಪ್ರತಿಯೊಂದೂ ಎಷ್ಟು ಸೆಕೆಂಡು, ಎರಡನ್ನೂ ಬರೆದುಕೊಳ್ಳಿ. ತುಂಬ ಜನ ಒಂದು ಮುಗಿದಲ್ಲಿಂದ ಇನ್ನೊಂದರ ಶುರುವಿಗೆ ಅಳೆಯುತ್ತಾರೆ, ಆಗ ಲೆಕ್ಕ ತಪ್ಪುತ್ತದೆ.

ಒಂದು ಗಂಟೆ ಹೀಗೆ ನೋಡಿದರೆ ಗೊತ್ತಾಗುತ್ತದೆ. ಸುಳ್ಳು ನೋವಾದರೆ 7 ನಿಮಿಷ, 20 ನಿಮಿಷ, 11 ನಿಮಿಷ ಹೀಗೆ ಲಂಗುಲಗಾಮಿಲ್ಲದೆ ಬಂದು, ನೀರು ಕುಡಿದು ಮಗ್ಗುಲು ಬದಲಿಸಿದ ಮೇಲೆ ಮಾಯ. ನಿಜವಾದರೆ ಏನೇ ಮಾಡಿದರೂ ಬಿಡದು, ಅಂತರ ಕಿರಿದಾಗುತ್ತ ಅವಧಿ 30 ಸೆಕೆಂಡಿನಿಂದ 45, 60ಕ್ಕೆ ಏರುತ್ತದೆ, ನೋವಿನ ನಡುವೆ ಮಾತಾಡುವುದು ಕಷ್ಟವಾಗುತ್ತದೆ. ಮೂತ್ರ ಉರಿಯಿದ್ದು ಹೊಟ್ಟೆ ಬಿಗಿಯುತ್ತಿದ್ದರೆ ಸೋಂಕು ಇರಬಹುದು, ಅದನ್ನು ಸುಳ್ಳು ನೋವೆಂದು ಬಿಡಬೇಡಿ.

ಜೀಪ್‌ಸ್ಟ್ಯಾಂಡ್:
ಐದು ನಿಮಿಷದ ಲೆಕ್ಕ ಪೇಟೆಯವರಿಗೆ ಮಾಡಿದ್ದು, ಆಸ್ಪತ್ರೆ ಅರ್ಧ ಗಂಟೆಯ ಒಳಗಿರುವವರಿಗೆ. ನಿಮ್ಮಲ್ಲಿ ಹಿಂದಿನಿಂದ ಲೆಕ್ಕ ಹಾಕಬೇಕು. ತೋಟದ ದಾರಿ, ಭಾಗಮಂಡಲದಿಂದ ಚೇರಂಬಾಣೆ, ಬೆಟ್ಟಗೇರಿ ಮೇಲೆ ಮಡಿಕೇರಿ, ಬಿಸಿಲಿನ ದಿನದ ಸಮಯವನ್ನು ಮಳೆಗೆ ಎರಡರಷ್ಟು ಮಾಡಿ. ಮರ ಬಿದ್ದಿದ್ದರೆ ಗರಗಸ ಬರುವವರೆಗೆ ನಿಲ್ಲಬೇಕು. ನಾಪೋಕ್ಲು ಮೇಲೆ ಮೂರ್ನಾಡಿಗೆ ಹೋಗೋಣ ಅಂದರೆ ಕಾವೇರಿ ಉಕ್ಕಿದ ದಿನ ಆ ರಸ್ತೆಯ ಮೇಲೂ ನೀರು. ಹಾಗಾಗಿ ಹತ್ತು ನಿಮಿಷಕ್ಕೊಂದರಂತೆ ಒಂದು ಗಂಟೆ ತಪ್ಪದೆ ಬಂದರೆ ಸಾಕು, ಹೊರಡಿ. ಹೋಗಿ ವಾಪಸು ಕಳಿಸಿದರೂ ನಷ್ಟವಿಲ್ಲ.

ಅದಕ್ಕಿಂತ ಒಳ್ಳೆಯದು, ಮಡಿಕೇರಿಯಲ್ಲೋ ಮೂರ್ನಾಡಿನಲ್ಲೋ ನೆಂಟರಿದ್ದರೆ ಈ ವಾರವೇ ಅಲ್ಲಿಗೆ ಕರೆದುಕೊಂಡು ಹೋಗಿ. ಮಳೆ ನಿಂತ ಮೇಲೆ ಬಾಣಂತನಕ್ಕೆ ಮನೆಗೆ ಬಂದರಾಯಿತು. ಈ ಒಂದು ಕೆಲಸ ಮಾಡಿದರೆ ಉಳಿದ ಅರ್ಧ ಚಿಂತೆ ಬೇಕಿಲ್ಲ.

ಅದು ಆಗದಿದ್ದರೆ: 108 ತೋಟದೊಳಗೆ ಬರದು, ಟಾರು ರಸ್ತೆಯಲ್ಲಿ ಎಲ್ಲಿ ಸೇರಬೇಕೆಂದು ಈಗಲೇ ಒಂದು ಜಾಗ ಗೊತ್ತುಮಾಡಿ. ಆಂಬುಲೆನ್ಸಿನವರಿಗೆ ಎಸ್ಟೇಟ್ ಹೆಸರಿಗಿಂತ ಬಸ್ ಸ್ಟಾಪಿನ ಹೆಸರು ಬೇಗ ಗೊತ್ತಾಗುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೋ ಅಲ್ಲಿಗೆ ಯಾರು ಓಡಬೇಕೆಂಬುದೂ ಗೊತ್ತಿರಲಿ. ಕರೆಂಟು ಹೋಗುವ ಕಾಲ, ಪವರ್ ಬ್ಯಾಂಕ್ ತುಂಬಿಸಿಡಿ. ಆಶಾ ಕಾರ್ಯಕರ್ತೆಗೆ ದಿನಾಂಕ ಹೇಳಿಡಿ. ತಾಯಿ ಕಾರ್ಡ್, ಸ್ಕ್ಯಾನ್, ರಕ್ತದ ಗುಂಪಿನ ರಿಪೋರ್ಟು, ಆಧಾರ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಜೀಪಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ ಇರಲಿ, ಅಂಗಾತ ಬೇಡ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಾಯಿಗೆ ತಲೆಸುತ್ತು, ಮಗುವಿಗೆ ರಕ್ತ ಕಡಿಮೆ.

ಕಾಫಿಹೂವು:
ಇಷ್ಟೆಲ್ಲ ಯಾಕೆ, ದಿನ ತುಂಬಿದೆಯಲ್ಲ. ಎರಡು ಚಮಚ ಹರಳೆಣ್ಣೆ ಕುಡಿಸಿದರೆ ಹಗಲೇ ನೋವು ಬರುತ್ತದೆ, ರಾತ್ರಿ ಓಡುವ ಪಾಡಿಲ್ಲ.

ಹೆರಿಗೆವಾರ್ಡ್:
@ಕಾಫಿಹೂವು, ದಯವಿಟ್ಟು ಬೇಡ. ಹರಳೆಣ್ಣೆ ಮೊದಲು ಕರುಳನ್ನು ಕೆರಳಿಸುತ್ತದೆ. ಭೇದಿಯಾಗಿ ನೀರಿನಂಶ ಹೋಗಿ ತಾಯಿ ಸುಸ್ತಾಗಿರುವಾಗ ಹೆರಿಗೆ ಬಂದರೆ ತಳ್ಳುವ ಶಕ್ತಿಯೇ ಇರುವುದಿಲ್ಲ. ಹೊಟ್ಟೆ ಬಿಗಿತವೂ ಅಡ್ಡಾದಿಡ್ಡಿಯಾಗುವುದರಿಂದ ನಿಜ ನೋವು ಯಾವುದು, ಭೇದಿಯ ನೋವು ಯಾವುದು ತಿಳಿಯದು. ಇನ್ನೂ 38 ವಾರವೂ ಆಗಿಲ್ಲ, ಅವಸರಕ್ಕೆ ಕಾರಣವೂ ಇಲ್ಲ.

ಏಲಕ್ಕಿಮಲೆ:
ನೀರು ಹೋದರೆ ಗೊತ್ತಾಗುವುದು ಹೇಗೆ? ಈಗಲೇ ಕೆಮ್ಮಿದರೆ, ಸೀನಿದರೆ ಒಳಉಡುಪು ಒದ್ದೆಯಾಗುತ್ತದೆ ಅನ್ನುತ್ತಾಳೆ.

ಹೆರಿಗೆವಾರ್ಡ್:
ಸಿನಿಮಾದಲ್ಲಿ ತೋರಿಸುವಂತೆ ಒಮ್ಮೆಲೇ ನೆಲ ಒದ್ದೆಯಾಗಬೇಕೆಂದಿಲ್ಲ. ಹೆಚ್ಚಿನವರಿಗೆ ಮೊದಲು ನೋವು, ಆಮೇಲೆ ನೀರು. ಕೆಲವರಿಗೆ ಹನಿಹನಿಯಾಗಿ ಜಿನುಗುತ್ತದೆ. ಮೂತ್ರ ಮಾಡಿಸಿ, ಒಣಗಿದ ಬಿಳಿ ಪ್ಯಾಡ್ ಹಾಕಿಸಿ, ಅರ್ಧ ಗಂಟೆ ಮಲಗಿಸಿ. ಎದ್ದು ನಿಂತ ತಕ್ಷಣ ಬೆಚ್ಚಗೆ ಇಳಿದು ಪ್ಯಾಡ್ ನೆನೆದರೆ, ಬಿಗಿಹಿಡಿದರೂ ನಿಲ್ಲದಿದ್ದರೆ ಅದು ಗರ್ಭದ ನೀರು ಎಂದೇ ತಿಳಿಯಿರಿ. ಮೂತ್ರಕ್ಕೆ ಹಳದಿ ಬಣ್ಣ, ಅದರದ್ದೇ ವಾಸನೆ. ಗರ್ಭದ ನೀರು ತಿಳಿಯಾಗಿ ಅಥವಾ ತೆಳು ಹುಲ್ಲುಬಣ್ಣದಲ್ಲಿ, ಘಾಟಿಲ್ಲದೆ ಇರುತ್ತದೆ. ಅನುಮಾನವಿದ್ದರೂ ಹೋಗಿ, ಅಲ್ಲಿ ನೋಡಿ ಹೇಳುತ್ತಾರೆ. ಪ್ಯಾಡನ್ನು ಎಸೆಯದೆ ಕವರಿನಲ್ಲಿ ಹಾಕಿಕೊಂಡು ಹೋಗಿ, ಬಣ್ಣವನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ.

ನೀರು ಹೋಯಿತೆಂದರೆ ಗಂಟೆ ಬರೆದಿಟ್ಟು ಹೊರಡುವುದೇ, ನೋವು ಬರಲಿ ಅಂತ ಕಾಯಬೇಡಿ. ಹೊತ್ತು ಕಳೆದಷ್ಟೂ ಸೋಂಕಿನ ಭಯ. ಒಳಗೆ ಬಟ್ಟೆ ಇಡುವುದು, ಬೆರಳಿಟ್ಟು ನೋಡುವುದು ಯಾವುದೂ ಬೇಡ. ನೀರು ಹಸಿರು ಅಥವಾ ಕಡುಕಂದು ಆಗಿದ್ದರೆ ಮಗು ಒಳಗೇ ಮಲ ಮಾಡಿದೆ, ಅದನ್ನು ಫೋನಿನಲ್ಲೇ ಹೇಳಿ. ಅಪರೂಪಕ್ಕೆ ನೀರಿನ ಜೊತೆ ಹೊಕ್ಕುಳಬಳ್ಳಿ ಕೆಳಗೆ ಜಾರುತ್ತದೆ. ಯೋನಿಯಲ್ಲಿ ಬಳ್ಳಿಯಂಥದ್ದು ಕಂಡರೆ, ತಗುಲಿದರೆ ಮುಟ್ಟಿ ಒಳಗೆ ತಳ್ಳಬೇಡಿ. ಮೊಣಕಾಲೂರಿ ಎದೆಯನ್ನು ನೆಲಕ್ಕೆ ತಗ್ಗಿಸಿ, ಸೊಂಟ ಎತ್ತಿ ಇರಿಸಿ, 108ಕ್ಕೆ ಅದೇ ಮಾತು ಹೇಳಿ.

ಮದ್ದುಸೊಪ್ಪಿನ ವಿಷಯ. ಆಗಸ್ಟ್ 3ಕ್ಕೆ ಪಾಯಸ ತಿಂದವರಿಗೆಲ್ಲ ಮೂತ್ರ ಕೆಂಪಾಗುತ್ತದೆ, ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ತುಂಬು ಬಸುರಿಯಲ್ಲಿ ಅದೇ ಕೆಂಪು ಕಂಡರೆ ಸೊಪ್ಪಿನದೋ ರಕ್ತವೋ ಎಂಬ ಗೊಂದಲ. ಅದೂ ನೆಗೆಟಿವ್ ಗುಂಪು. ಈ ವರ್ಷ ಅವಳ ಪಾಲು ಬಿಡಿ. ಅಕಸ್ಮಾತ್ ತಿಂದಿದ್ದರೆ ಪ್ಯಾಡ್ ನೋಡಿ: ಮೂತ್ರ ಮಾಡಿ ಒರೆಸಿಕೊಂಡ ಮೇಲೂ ಪ್ಯಾಡಿನಲ್ಲಿ ಕೆಂಪು ಮೂಡುತ್ತಿದ್ದರೆ ಅದು ಸೊಪ್ಪಿನ ಬಣ್ಣವಲ್ಲ.

ಮೂರ್ನಾಡ್ ಸಿಸ್ಟರ್:
ನೆಗೆಟಿವ್ ಗುಂಪಿನ ಬಗ್ಗೆ ಒಂದು ಮಾತು. 28 ವಾರದ ಸುಮಾರಿಗೆ ಆಂಟಿ-ಡಿ ಇಂಜೆಕ್ಷನ್ (ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ತಾಯಿಯ ದೇಹ ತಿರುಗಿಬೀಳದಂತೆ ತಡೆಯುವುದು) ಹಾಕಿದ್ದಾರಾ ಅಂತ ತಾಯಿ ಕಾರ್ಡಿನಲ್ಲಿ ನೋಡಿ. ಮಗು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಮತ್ತೆ ಬೇಕು. ಒ ನೆಗೆಟಿವ್ ರಕ್ತ ಸುಲಭಕ್ಕೆ ಸಿಗುವುದಿಲ್ಲ, ಆಸ್ಪತ್ರೆಗೆ ಈಗಲೇ ತಿಳಿಸಿ, ಕೊಡುವ ನೆಂಟರಿದ್ದರೆ ಅವರ ನಂಬರ್ ಇಟ್ಟುಕೊಳ್ಳಿ.

ಇನ್ನು, ನಿಮಿಷ ಎಣಿಸದೆ ಹೊರಡಬೇಕಾದ ಸಂದರ್ಭಗಳಿವೆ. ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಏನಾದರೂ ತಿಂದು ಎಡಮಗ್ಗುಲಾಗಿ ಮಲಗಿ ಎಣಿಸಲಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ ಬೆಳಗಾಗಲಿ ಅನ್ನಬೇಡಿ. ‘ಹೆರಿಗೆ ಹತ್ತಿರವಾದಾಗ ಮಗು ಸುಮ್ಮನಾಗುತ್ತದೆ’ ಅನ್ನುವ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಅದು ತಪ್ಪು, ಒದೆಯುವ ರೀತಿ ಬದಲಾಗಬಹುದು, ಆಟ ನಿಲ್ಲಬಾರದು. ಬಿಡದ ತಲೆನೋವು, ಕಣ್ಣು ಮಂಜು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ದಿಢೀರನೆ ಮುಖ-ಕೈ ಊತ ಕಂಡರೆ ಬಿಪಿ ಏರಿದೆ ಎಂದೇ ಹಿಡಿಯಿರಿ. ಹಿಂದಿನ ತಿಂಗಳು ಸರಿಯಿತ್ತು ಎಂಬುದು ಇಂದಿಗೆ ಲೆಕ್ಕಕ್ಕಿಲ್ಲ. ಬಿಗಿದ ಹೊಟ್ಟೆ ನಡುವೆ ಸಡಿಲವಾಗದೆ ಒಂದೇ ಸಮ ನೋಯುತ್ತಿದ್ದರೆ, ರಕ್ತ ಕಾಣದಿದ್ದರೂ ಮಾಸು ಬಿಟ್ಟುಕೊಳ್ಳುತ್ತಿರಬಹುದು. ಜ್ವರ ಬಂದರೂ ಅಷ್ಟೇ.

ಏಲಕ್ಕಿಮಲೆ:
ಮೂರ್ನಾಡಿನಲ್ಲಿ ಚಿಕ್ಕಮ್ಮ ಇದ್ದಾರೆ, ಶನಿವಾರ ಕರೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ದಾರಿಯಲ್ಲೇ ಏನಾದರೂ ಆದರೆ?

ಜೀಪ್‌ಸ್ಟ್ಯಾಂಡ್:
ಚೊಚ್ಚಲಕ್ಕೆ ಅಷ್ಟು ಬೇಗ ಆಗುವುದು ಅಪರೂಪ. ಆದರೂ ಮಲಕ್ಕೆ ಬಂದ ಹಾಗೆ ಒತ್ತಡ ಬಂದು ತಡೆಯಲಾಗದೆ ಮುಕ್ಕತೊಡಗಿದರೆ ಗಾಡಿ ನಿಲ್ಲಿಸಿ, 108ರವರನ್ನು ಫೋನಿನಲ್ಲೇ ಇರಿಸಿಕೊಳ್ಳಿ. ಮಗುವನ್ನು ಎಳೆಯಬೇಡಿ, ಬರುವುದನ್ನು ಕೈಯಲ್ಲಿ ಹಿಡಿದುಕೊಳ್ಳಿ ಅಷ್ಟೇ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಇಬ್ಬರನ್ನೂ ಹೊದಿಸಿ, ಮಗುವಿನ ತಲೆಗೂ ಟೋಪಿ. ಈ ಚಳಿಯಲ್ಲಿ ಮಗು ತಣ್ಣಗಾಗುವುದೇ ದೊಡ್ಡ ಅಪಾಯ. ಬಳ್ಳಿ ಕತ್ತರಿಸಬೇಡಿ, ಮಾಸು ಎಳೆಯಬೇಡಿ. ತಾನಾಗಿ ಬಂದರೆ ಕವರಿನಲ್ಲಿಟ್ಟು ಮಗುವಿನ ಜೊತೆಗೇ ಒಯ್ಯಿರಿ. ಜೀಪಿನಲ್ಲಿ ನಾಲ್ಕು ಒಗೆದು ಒಣಗಿಸಿದ ಹತ್ತಿ ಬಟ್ಟೆ ಇಂದೇ ಇಟ್ಟುಬಿಡಿ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಒಣಗಿಸಿ ಕಟ್ಟಿಡಬೇಕು.

ಹೆರಿಗೆವಾರ್ಡ್:
ಆಸ್ಪತ್ರೆಯಲ್ಲಿ ‘ಬಾಯಿ ಎರಡು ಸೆಂಟಿಮೀಟರ್ ತೆರೆದಿದೆ, ಆಮೇಲೆ ಬನ್ನಿ’ ಅಂದರೆ ಗಾಬರಿ ಬೇಡ. ಐದು ಸೆಂಟಿಮೀಟರ್ ಆಗುವವರೆಗಿನ ಮೊದಲ ಹಂತ ಚೊಚ್ಚಲದವರಲ್ಲಿ ಒಂದು ದಿನಕ್ಕೂ ಎಳೆಯಬಹುದು. ಆದರೆ ಭಾಗಮಂಡಲಕ್ಕೆ ಮಾತ್ರ ವಾಪಸು ಹೋಗಬೇಡಿ. ಮನೆ ಎಷ್ಟು ದೂರ, ದಾರಿ ಹೇಗಿದೆ ಎಂದು ಡ್ಯೂಟಿ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ದೂರದವರೆಂದರೆ ಇರಿಸಿಕೊಳ್ಳುವುದುಂಟು. ಇಲ್ಲವಾದರೆ ಮೂರ್ನಾಡಿನ ಚಿಕ್ಕಮ್ಮನ ಮನೆ. ಆ ಹಂತದಲ್ಲಿ ಗಂಜಿ, ಇಡ್ಲಿ, ಬಾಳೆಹಣ್ಣು ಸ್ವಲ್ಪ ಸ್ವಲ್ಪ ತಿನ್ನುತ್ತಿರಲಿ, ಎರಡು ಗಂಟೆಗೊಮ್ಮೆ ಮೂತ್ರ ಮಾಡಲಿ, ಆದಷ್ಟು ನಿದ್ದೆ ಮಾಡಲಿ.