ಹತ್ತು ವರ್ಷಗಳ ನಂತರ ಮತ್ತೆ ಗೇಮ್ ಆಡಬೇಕೆಂದಿದ್ದೇನೆ: ಮೊದಲು ಯಾವುದನ್ನು ಕೊಳ್ಳಲಿ?

ಪ್ರಶ್ನೆ

ಕಾಲೇಜಿನ ದಿನಗಳಲ್ಲಿ ರಾತ್ರಿಯೆಲ್ಲ ಎದ್ದಿದ್ದು ಆಡುತ್ತಿದ್ದವನು ನಾನು. ಆಮೇಲೆ ಕೆಲಸ, ಸಂಸಾರ ಎಂದು ಸುಮಾರು ಹತ್ತು ವರ್ಷ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಈಗ ನನ್ನ ಬಳಿ ಇರುವ ಕಂಪ್ಯೂಟರಿನಲ್ಲಿ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿ ರ‍್ಯಾಮ್ ಇವೆ. ಎಸ್‌ಎಸ್‌ಡಿಯಲ್ಲಿ (ವೇಗದ ಡಿಸ್ಕಿನಲ್ಲಿ) ಸುಮಾರು 180 ಜಿಬಿ ಖಾಲಿ ಜಾಗವಿದೆ. ಮಕ್ಕಳು ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ಗಂಟೆ ಸಿಕ್ಕರೆ ಅದೇ ಹೆಚ್ಚು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ರಿಯಾಯಿತಿ ಮಾರಾಟ ನಡೆಯುತ್ತಿರುವುದರಿಂದ ಎಲ್ಡನ್ ರಿಂಗ್, ದಿ ವಿಚರ್ 3, ಬಾಲ್ಡರ್ಸ್ ಗೇಟ್ 3, ಹೇಡೀಸ್, ಸ್ಟಾರ್ಡ್ಯೂ ವ್ಯಾಲಿ ಎಂಬ ಐದು ಆಟಗಳನ್ನು ವಿಶ್‌ಲಿಸ್ಟ್‌ಗೆ ಹಾಕಿಕೊಂಡಿದ್ದೇನೆ. ಐದನ್ನೂ ಒಟ್ಟಿಗೆ ಕೊಂಡುಬಿಡಲೇ, ಒಂದೆರಡನ್ನು ಆರಿಸಿಕೊಳ್ಳಲೇ, ಇಲ್ಲವೇ ಗೇಮ್ ಪಾಸ್‌ನಂಥ ಚಂದಾ ಸೇವೆಯೇ ಲೇಸೇ? ಆಡಿ ನೋಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಅನುಭವ 1

ಕೊಳ್ಳುವ ಸುಖವೇ ಬೇರೆ, ಆಡುವ ಸುಖವೇ ಬೇರೆ ಎಂಬುದು ನನಗೆ ತಡವಾಗಿ ತಿಳಿಯಿತು. ‘ಈ ಬೆಲೆಗೆ ಇನ್ನು ಸಿಗಲಿಕ್ಕಿಲ್ಲ’ ಎಂದು ಪ್ರತಿ ಮಾರಾಟದಲ್ಲೂ ಕೊಂಡಿಟ್ಟ ಆಟಗಳಲ್ಲಿ ಅರ್ಧಕ್ಕರ್ಧವನ್ನು ನಾನು ಇನ್‌ಸ್ಟಾಲ್ ಕೂಡ ಮಾಡಿಲ್ಲ. ಆ ಬೆಲೆಯೋ, ಮುಂದಿನ ಮಾರಾಟಗಳಲ್ಲಿ ಮತ್ತೆ ಬಂದಿದೆ. ಕೆಲವು ಆಟಗಳದ್ದು ಇನ್ನೂ ಇಳಿದಿದೆ. ನಿಮ್ಮ ಪಟ್ಟಿಯಲ್ಲಿರುವವೆಲ್ಲ ಬಿಡುಗಡೆಯಾಗಿ ಕೆಲವು ವರ್ಷ ಕಳೆದ ಆಟಗಳು, ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಆದ್ದರಿಂದ ಈ ವಾರ ಯಾವುದನ್ನು ಆಡಲು ಕೂರುತ್ತೀರೋ ಅದನ್ನು ಮಾತ್ರ ಕೊಳ್ಳಿ.

ಯಾವುದನ್ನು ಎಂಬುದಕ್ಕೆ ಉತ್ತರ ನಿಮ್ಮ ‘ದಿನಕ್ಕೆ ಒಂದು ಗಂಟೆ’ ಎಂಬ ಮಾತಿನಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಆಟವನ್ನು ಮುಗಿಸಲು ಒಟ್ಟು ಎಷ್ಟು ಗಂಟೆ ಬೇಕು ಎಂದು ಎಲ್ಲರೂ ವಿಚಾರಿಸುತ್ತಾರೆ, ಆದರೆ ಒಮ್ಮೆ ಕೂತರೆ ಎಷ್ಟು ಹೊತ್ತಿಗೆ ಸಮಾಧಾನದಿಂದ ಏಳಬಹುದು ಎಂದು ಕೇಳುವವರು ಕಡಿಮೆ. ಹೇಡೀಸ್‌ನಲ್ಲಿ ಪಾತಾಳದಿಂದ ತಪ್ಪಿಸಿಕೊಳ್ಳುವ ಒಂದು ಪ್ರಯತ್ನ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸತ್ತರೂ ಕಥೆ ನಿಲ್ಲದೆ, ಮನೆಗೆ ಮರಳಿದಾಗ ಅಲ್ಲಿನ ಪಾತ್ರಗಳು ಹೊಸ ಮಾತಾಡುತ್ತವೆ. ಒಂದು ಗಂಟೆಯಲ್ಲಿ ಎರಡು ಪ್ರಯತ್ನ ಆದರೆ ಆ ರಾತ್ರಿಯ ಪಾಲಿಗೆ ಅದು ಪೂರ್ಣ ಊಟ. ಹೊಲ ನೋಡಿಕೊಳ್ಳುವ ಆಟವಾದ ಸ್ಟಾರ್ಡ್ಯೂ ವ್ಯಾಲಿಯಲ್ಲಿ ಒಂದು ದಿನ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ, ಹಾಗಾಗಿ ಅದೂ ಗಂಟೆಯ ಅಳತೆಗೆ ಚೆನ್ನಾಗಿ ಹೊಂದುತ್ತದೆ. ‘ಇನ್ನೊಂದೇ ದಿನ’ ಎಂದು ನೀವೇ ಮುಂದುವರಿಸಿ ಮಧ್ಯರಾತ್ರಿ ಮಾಡಿಕೊಂಡರೆ ಅದು ಆಟದ ತಪ್ಪಲ್ಲ.

ವಿಚರ್ 3 ಹಾಗಲ್ಲ. ಅದರ ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು, ಅಂದರೆ ನಿಮ್ಮ ಲೆಕ್ಕದಲ್ಲಿ ಹತ್ತು ವಾರ. ದಾರಿಯಲ್ಲಿ ಸಿಗುವ ಉಪಕಥೆಗಳನ್ನೂ ಹಿಡಿದರೆ ಅದರ ಎರಡರಷ್ಟು. ಆ ಉಪಕಥೆಗಳನ್ನು ಬಿಟ್ಟು ಆಡುವುದಾದರೆ ಅದನ್ನು ಆಡುವುದೇಕೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ಜೀವವಿರುವುದು ಹಳ್ಳಿಯ ಬಾವಿಯ ಬಳಿಯ ದೆವ್ವದಲ್ಲಿ, ಹೆಂಡತಿ ಮಗಳು ಬಿಟ್ಟುಹೋದ ಬ್ಯಾರನ್‌ನ ಪಶ್ಚಾತ್ತಾಪದಲ್ಲಿ. ನಾನು ಅದನ್ನು ಎರಡು ಸಲ ಅರ್ಧಕ್ಕೆ ಬಿಟ್ಟು ಮೂರನೆಯ ಸಲ ಮುಗಿಸಿದೆ. ಉಳಿಸಿಟ್ಟ ಆಟ (ಸೇವ್) ಮತ್ತೆ ತೆರೆಯುವಾಗ ಕಥೆ ಎಲ್ಲಿಯವರೆಗೆ ಬಂದಿತ್ತು ಎಂದು ಅದು ನೆನಪಿಸುತ್ತದೆಯಾದರೂ, ಮೂರು ವಾರ ಬಿಟ್ಟು ಮರಳಿದಾಗ ಯಾವ ಗುಂಡಿ ಒತ್ತಿದರೆ ಯಾವ ಮಂತ್ರ ಎಂಬುದನ್ನು ಬೆರಳುಗಳಿಗೆ ಹೊಸದಾಗಿ ಕಲಿಸಬೇಕಾಗುತ್ತದೆ.

ಅನುಭವ 2

ಮೇಲಿನವರ ಗಂಟೆಯ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅವರು ಎಲ್ಡನ್ ರಿಂಗ್ ಬಗ್ಗೆ ಏನನ್ನೂ ಹೇಳದೆ ಜಾಣತನದಿಂದ ಜಾರಿಕೊಂಡಿದ್ದಾರೆ, ಆದ್ದರಿಂದ ಅದರ ಪರವಾಗಿ ನಾನು ಬರೆಯುತ್ತೇನೆ.

ನನಗೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ. ಎಲ್ಡನ್ ರಿಂಗ್ ಮುಗಿಸಲು ಎಂಟು ತಿಂಗಳು ಹಿಡಿಯಿತು, ಆ ಎಂಟು ತಿಂಗಳಲ್ಲಿ ನಾನು ಬೇರೆ ಯಾವ ಆಟವನ್ನೂ ಕೊಳ್ಳಲಿಲ್ಲ. ಅದರಲ್ಲಿ ಸುಲಭ, ಕಠಿಣ ಎಂಬ ಆಯ್ಕೆಗಳಿಲ್ಲ ಎಂಬುದು ನಿಜ. ಆದರೆ 2022ರಲ್ಲಿ ಬಂದ ಈ ಆಟ ಅದೇ ಕಂಪನಿಯ ಹಿಂದಿನ ಆಟಗಳಿಗಿಂತ ಒಂದು ವಿಷಯದಲ್ಲಿ ಉದಾರವಾಗಿದೆ: ಎದುರಿಗಿನ ಬಾಸ್‌ನನ್ನು, ಅಂದರೆ ದಾರಿ ತಡೆಯುವ ಬಲಿಷ್ಠ ಶತ್ರುವನ್ನು, ಸೋಲಿಸಲಾಗದಿದ್ದರೆ ಕುದುರೆ ಹತ್ತಿ ಬೇರೊಂದು ದಿಕ್ಕಿಗೆ ಹೊರಟುಬಿಡಬಹುದು. ಅಲ್ಲಿ ಗುಹೆಗಳನ್ನು ಹೊಕ್ಕು, ಮಟ್ಟ ಏರಿಸಿಕೊಂಡು, ಜೊತೆಗೆ ಕಾದಾಡುವ ಆತ್ಮವೊಂದನ್ನು ಕರೆಯುವುದನ್ನು ಕಲಿತು ಮರಳಿದರೆ ಮೊದಲು ಬೆಟ್ಟದಂತೆ ಕಂಡವನು ಅಷ್ಟೇನೂ ಎತ್ತರ ಕಾಣುವುದಿಲ್ಲ. ಮೊದಲ ದೊಡ್ಡ ಕೋಟೆಯ ಬಾಗಿಲಲ್ಲಿ ನಿಂತಿರುವ ಮಾರ್ಗಿಟ್‌ನನ್ನು ನೇರವಾಗಿ ಎದುರಿಸಿ ಎರಡು ವಾರ ಸತ್ತಿದ್ದೇನೆ; ದಕ್ಷಿಣದ ವೀಪಿಂಗ್ ಪೆನಿನ್ಸುಲಾಕ್ಕೆ ಹೋಗಿ ಬಂದ ಮೇಲೆ ಒಂದೇ ಸಂಜೆಯಲ್ಲಿ ಅವನನ್ನು ಮುಗಿಸಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಆಟವನ್ನು ಬೇಕೆಂದಾಗ ನಿಲ್ಲಿಸಲು ಮಾಮೂಲಿ ಪಾಜ್ ಗುಂಡಿ ಇಲ್ಲ. ಮಗು ಎದ್ದು ಅತ್ತರೆ ಕಾದಾಟದ ನಡುವೆಯೇ ಕಂಟ್ರೋಲರ್ ಕೆಳಗಿಟ್ಟು ಓಡಬೇಕು, ಮರಳಿ ಬರುವಷ್ಟರಲ್ಲಿ ಪರದೆಯ ಮೇಲೆ ನೀವು ಸತ್ತಿರುವ ಸುದ್ದಿ ಇರುತ್ತದೆ. ಇದು ತಮಾಷೆಯಲ್ಲ, ನಿಮ್ಮಂಥವರಿಗೆ ನಿಜವಾದ ಅಡ್ಡಿ. ಆ ದೃಷ್ಟಿಯಿಂದ ನೋಡಿದರೆ, ಎಷ್ಟೇ ದೊಡ್ಡದಾದರೂ ಬಾಲ್ಡರ್ಸ್ ಗೇಟ್ 3 ನಿಮಗೆ ಹೆಚ್ಚು ಅನುಕೂಲ. ಅದರ ಕಾದಾಟ ಚದುರಂಗದಂತೆ ಸರದಿಯ ಪ್ರಕಾರ ನಡೆಯುವುದರಿಂದ, ನಿಮ್ಮ ಸರದಿ ಬಂದಾಗ ಎದ್ದುಹೋಗಿ ಹಾಲು ಬಿಸಿ ಮಾಡಿಕೊಟ್ಟು ಬಂದರೂ ಶತ್ರು ಕಾದೇ ಇರುತ್ತಾನೆ.

ಅನುಭವ 3

ಬಾಲ್ಡರ್ಸ್ ಗೇಟ್ 3 ಅನುಕೂಲ ಎನ್ನುವವರು ಪ್ರಶ್ನೆ ಕೇಳಿದವರ ಯಂತ್ರವನ್ನೂ ಒಮ್ಮೆ ನೋಡಬೇಕು. ಆ ಆಟಕ್ಕೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿಯೇ. 180 ಜಿಬಿಯಲ್ಲಿ ಅದನ್ನು ಕೂರಿಸಿದರೆ ಉಳಿದವಕ್ಕೆ ಮೂಲೆಯಲ್ಲಿ ಮಾತ್ರ ಜಾಗ. ಎಲ್ಡನ್ ರಿಂಗ್‌ಗೆ 60 ಜಿಬಿ ಸಾಕು, ಸ್ಟಾರ್ಡ್ಯೂ ವ್ಯಾಲಿಗೆ ಒಂದು ಜಿಬಿಯೂ ಬೇಡ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಹೇಡೀಸ್, ಸ್ಟಾರ್ಡ್ಯೂ ಎರಡಕ್ಕೂ ನೀವು ಚಿಂತಿಸಬೇಕಾಗಿಲ್ಲ. ಎಲ್ಡನ್ ರಿಂಗ್ ಕೇಳುವ ಕನಿಷ್ಠ ಕಾರ್ಡ್ ನಿಮ್ಮದೇ. ಬಾಲ್ಡರ್ಸ್ ಗೇಟ್ 3 ಕೂಡ ಓಡುತ್ತದೆ, ಆದರೆ ಕಥೆ ಮೂರನೆಯ ಅಂಕದಲ್ಲಿ ನಗರದೊಳಗೆ ಹೊಕ್ಕಾಗ ಪ್ರೊಸೆಸರ್ ಮೇಲೆ ಹೊರೆ ಬಿದ್ದು ತಡವರಿಸುವುದನ್ನು ನಾನು ನನ್ನ ಹಳೆಯ ಕಂಪ್ಯೂಟರಿನಲ್ಲಿ ಅನುಭವಿಸಿದ್ದೇನೆ.

ಕಾಗದದ ಲೆಕ್ಕಕ್ಕಿಂತ ಆಡಿ ನೋಡುವುದೇ ಮೇಲು. ಸ್ಟೀಮ್‌ನಲ್ಲಿ ಕೊಂಡ 14 ದಿನಗಳ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಕ್ಕೆ ಕೇಳಬಹುದು. ಆ ಎರಡು ಗಂಟೆಯ ಗಡಿಯಾರ ಆಟ ತೆರೆದಿರುವಷ್ಟು ಹೊತ್ತೂ ಓಡುತ್ತಿರುತ್ತದೆ ಎಂಬುದು ನೆನಪಿರಲಿ. ಬಾಲ್ಡರ್ಸ್ ಗೇಟ್‌ನಲ್ಲಿ ನನ್ನ ಪಾತ್ರದ ಮುಖ, ಕೂದಲು, ಕುಲಗೋತ್ರಗಳನ್ನು ತಿದ್ದುತ್ತಾ ಕೂತು ಒಂದು ಗಂಟೆಯ ಮೇಲೆ ಕಳೆದಿದ್ದೆ. ಪರೀಕ್ಷೆಗಾಗಿ ಆಡುವವರು ಸಿದ್ಧವಾಗಿರುವ ಪಾತ್ರಗಳಲ್ಲಿ ಒಂದನ್ನು ಆರಿಸಿಕೊಂಡು ನೇರವಾಗಿ ಹೊರಟುಬಿಡುವುದು ಒಳ್ಳೆಯದು. ಕೊಂಡು ಒಂದು ತಿಂಗಳು ಹಾಗೆಯೇ ಇಟ್ಟರೆ ಈ ಸೌಲಭ್ಯ ಕೈತಪ್ಪಿದಂತೆಯೇ.

ಅನುಭವ 4

ಚಂದಾ ಸೇವೆಯ ಬಗ್ಗೆ ಯಾರೂ ಹೇಳದ ಕಾರಣ ನನ್ನ ಎರಡು ವರ್ಷದ ಅನುಭವವನ್ನು ಬರೆಯುತ್ತಿದ್ದೇನೆ. ಸೇವೆಯ ಹೆಸರು ಬೇಡ. ತೆಗೆದುಕೊಂಡ ಮೊದಲ ತಿಂಗಳು ನೂರಾರು ಆಟಗಳ ಪಟ್ಟಿಯನ್ನು ಕಂಡು ಮದುವೆಮನೆಯ ಎಲೆಯ ಮುಂದೆ ಕೂತವನಂತೆ ಎಲ್ಲದರಿಂದಲೂ ಒಂದೊಂದು ತುತ್ತು ತೆಗೆದುಕೊಂಡೆ, ಹೊಟ್ಟೆ ತುಂಬ ಯಾವುದನ್ನೂ ತಿನ್ನಲಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೆ ಬೇಸರ ಬಂದರೆ ಇನ್ನೊಂದಕ್ಕೆ ಹಾರುವ ಅಭ್ಯಾಸ ಹತ್ತಿತು. ಹಣ ಕೊಟ್ಟು ಕೊಂಡ ಆಟಕ್ಕಾದರೆ, ಕೊಟ್ಟ ಹಣಕ್ಕಾದರೂ ಇನ್ನೊಂದು ಗಂಟೆ ನೋಡೋಣ ಎನಿಸುತ್ತದೆ. ಎಷ್ಟೋ ಒಳ್ಳೆಯ ಆಟಗಳು ಬಿಚ್ಚಿಕೊಳ್ಳುವುದು ಆ ಇನ್ನೊಂದು ಗಂಟೆಯಲ್ಲಿಯೇ.

ಎರಡನೆಯ ಪಾಠ ಇನ್ನೂ ಕಹಿಯಾಗಿತ್ತು. ಮೂವತ್ತು ಗಂಟೆ ಆಡಿದ್ದ ದೊಡ್ಡ ಆಟವೊಂದು ಪಟ್ಟಿಯಿಂದ ಹೊರಹೋಗುತ್ತದೆ ಎಂಬ ಸೂಚನೆ ಬಂತು. ಉಳಿದ ಕಥೆಯನ್ನು ಎರಡು ವಾರದಲ್ಲಿ ಮುಗಿಸುವುದು ವಾರಕ್ಕೆ ಐದು ಗಂಟೆಯ ಮನುಷ್ಯನಿಗೆ ಸಾಧ್ಯವಿರಲಿಲ್ಲ, ಕೊನೆಗೆ ಅದನ್ನು ಕೊಳ್ಳಲೇಬೇಕಾಯಿತು. ಚಂದಾ ಲಾಭವಾಗುವುದು ವಾರಕ್ಕೆ ಹದಿನೈದು ಇಪ್ಪತ್ತು ಗಂಟೆ ಆಡುವವರಿಗೆ, ಅಥವಾ ಹತ್ತು ಗಂಟೆಯೊಳಗೆ ಮುಗಿಯುವ ಚಿಕ್ಕ ಆಟಗಳನ್ನು ಆರಿಸಿಕೊಂಡು, ಒಂದು ತಿಂಗಳು ಕಟ್ಟಿ, ಎರಡನ್ನು ಮುಗಿಸಿ, ಸ್ವಯಂ ನವೀಕರಣವನ್ನು ಮರೆಯದೆ ನಿಲ್ಲಿಸುವ ಶಿಸ್ತುಳ್ಳವರಿಗೆ. ನಾನು ಆ ಶಿಸ್ತಿನವನಲ್ಲ.

ಕೊಂಡದ್ದು ಶಾಶ್ವತವಾಗಿ ನಮ್ಮದು ಎಂದೂ ತಿಳಿಯಬೇಕಾಗಿಲ್ಲ. 2014ರಲ್ಲಿ ಬಂದ ದಿ ಕ್ರೂ ಎಂಬ ಕಾರ್ ಓಟದ ಆಟ ಪೂರ್ತಿಯಾಗಿ ಸರ್ವರ್ ಮೇಲೆ ನಿಂತಿತ್ತು; 2024ರ ಮಾರ್ಚ್ ಕೊನೆಗೆ ಸರ್ವರ್ ಮುಚ್ಚಿದ ಮೇಲೆ, ಹಣ ಕೊಟ್ಟವರಿಗೂ ಅದು ಆಡಲು ಸಿಗಲಿಲ್ಲ. ನಿಮ್ಮ ಪಟ್ಟಿಯ ಐದೂ ಇಂಟರ್ನೆಟ್ ಇಲ್ಲದೆ ಒಬ್ಬರೇ ಆಡಬಹುದಾದ ಆಟಗಳಾದ್ದರಿಂದ ಆ ಭಯ ಕಡಿಮೆ. ವಿಚರ್ 3ನ್ನು ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಜೋಪಾನ ಮಾಡಬಹುದು. ನಾನು ಹಾಗೆಯೇ ಮಾಡಿದ್ದೇನೆ.

ಅನುಭವ 5

ಕೊಳ್ಳುವ ಮುನ್ನ ವಿಮರ್ಶೆ ಓದುವುದಾದರೆ ದಿನಾಂಕವನ್ನು ಮೊದಲು ಓದಿ. ಸೈಬರ್‌ಪಂಕ್ 2077 ಎಂಬ ಆಟ 2020ರ ಡಿಸೆಂಬರಿನಲ್ಲಿ ಹೊರಬಂದಾಗ ಎಷ್ಟು ದೋಷಗಳಿದ್ದವೆಂದರೆ ಸೋನಿ ಕಂಪನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದಲೇ ತಿಂಗಳುಗಟ್ಟಲೆ ತೆಗೆದುಹಾಕಿತ್ತು, 2023ರ 2.0 ಪರಿಷ್ಕರಣೆಯ ನಂತರ ಅದೇ ಆಟವನ್ನು ಆಡಿದ ನನಗೆ ಹಳೆಯ ವಿಮರ್ಶೆಗಳು ಬೇರೊಂದು ಆಟದ ಬಗ್ಗೆ ಬರೆದವುಗಳಂತೆ ಕಂಡವು. ಸ್ಟೀಮ್ ಪುಟದಲ್ಲಿ ‘ಇತ್ತೀಚಿನ’ ಅಭಿಪ್ರಾಯ ಮತ್ತು ಒಟ್ಟು ಅಭಿಪ್ರಾಯ ಬೇರೆ ಬೇರೆಯಾಗಿ ಇರುತ್ತವೆ, ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂಬುದೂ ಕಾಣುತ್ತದೆ. ನಾನು ‘ಇಷ್ಟವಾಗಲಿಲ್ಲ’ ಎಂದವರಲ್ಲಿ ಇಪ್ಪತ್ತು ಗಂಟೆ ಆಡಿದವರ ಮಾತನ್ನು ಮಾತ್ರ ಓದುತ್ತೇನೆ; ಅವರು ದೂರುವ ಸಂಗತಿ ನನಗೆ ತೊಂದರೆ ಎನಿಸದಿದ್ದರೆ ಕೊಳ್ಳುತ್ತೇನೆ. ‘ನಡೆದಾಡುವುದೇ ಹೆಚ್ಚು, ಕಾದಾಟ ಕಡಿಮೆ’ ಎಂದು ಒಬ್ಬರು ಬೈದದ್ದನ್ನು ಓದಿಯೇ ನನ್ನ ಮೆಚ್ಚಿನ ಆಟವೊಂದನ್ನು ಕೊಂಡಿದ್ದೇನೆ.

ಇನ್ನೊಂದು ಮಾತು. ಮಾರಾಟದಲ್ಲಿ ಕಾಣುವ ‘ಡೀಲಕ್ಸ್’ ಕಟ್ಟುಗಳಲ್ಲಿ ಹಾಡಿನ ಸಂಗ್ರಹ, ಚಿತ್ರಪುಸ್ತಕ, ವೇಷಭೂಷಣ ಎಂದು ಸೇರಿಸಿ ಮೂಗಿಗಿಂತ ಮೂಗುತಿ ಭಾರ ಮಾಡಿರುತ್ತಾರೆ. ವಿಚರ್ 3 ಮಾತ್ರ ಇದಕ್ಕೆ ಹೊರತು: ಅದರ ಎರಡು ವಿಸ್ತರಣೆಗಳಲ್ಲಿ 2016ರ ಬ್ಲಡ್ ಆ್ಯಂಡ್ ವೈನ್ ತಾನೇ ಒಂದು ಪೂರ್ಣ ಆಟದಷ್ಟಿದೆ, ಆದ್ದರಿಂದ ಎಲ್ಲವೂ ಸೇರಿದ ಆವೃತ್ತಿಯನ್ನೇ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹೇಡೀಸ್ ಒಂದನ್ನೇ ಕೊಂಡು, ರಾತ್ರಿಯೇ ಒಂದೂಕಾಲು ಗಂಟೆ ಆಡಿದೆ. ನಾಲ್ಕು ಸಲ ಸತ್ತೆ, ಎರಡನೆಯ ಲೋಕವನ್ನೂ ನೋಡಲಾಗಲಿಲ್ಲ. ಬೆರಳುಗಳು ಹತ್ತು ವರ್ಷದ ಹಿಂದಿನವಲ್ಲ ಎಂಬುದು ಖಾತ್ರಿಯಾಯಿತು. ಹಣ ಹಿಂದಕ್ಕೆ ಕೇಳುವ ಮನಸ್ಸಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ತಾನೂ ಏನಾದರೂ ಆಡುತ್ತೇನೆ, ಆದರೆ ಹೊಡೆದಾಟ ಬೇಡ ಎಂದಳು. ಹಾಗಾಗಿ ಎರಡನೆಯದಾಗಿ ಸ್ಟಾರ್ಡ್ಯೂ ವ್ಯಾಲಿ ಕೊಳ್ಳೋಣ ಎಂದಿದ್ದೇನೆ. ಮಗು ರಾತ್ರಿ ಏಳುವುದನ್ನು ನಿಲ್ಲಿಸುವವರೆಗೆ ಎಲ್ಡನ್ ರಿಂಗ್ ಕಾಯಲಿ. ಹೇಡೀಸ್ ಇನ್ನು ಸ್ವಲ್ಪ ಸುಲಭವಾಗಲು ದಾರಿ ಇದೆಯೇ?

ಅನುಭವ 1ನ್ನು ಬರೆದವರಿಂದ

ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಗಾಡ್ ಮೋಡ್’ ಎಂಬುದನ್ನು ಆನ್ ಮಾಡಿ. ಹೆಸರು ಕೇಳಿ ಅದು ಮೋಸ ಎಂದುಕೊಳ್ಳಬೇಡಿ. ಮೊದಲಿಗೆ ನಿಮಗೆ ಬೀಳುವ ಪೆಟ್ಟು ಶೇ. 20ರಷ್ಟು ಕಡಿಮೆಯಾಗುತ್ತದೆ, ನಂತರ ಪ್ರತಿ ಸಾವಿಗೂ ಇನ್ನು ಶೇ. 2ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ, ಕಥೆಯಲ್ಲಿ ಯಾವ ಭಾಗವೂ ತಪ್ಪಿಹೋಗುವುದಿಲ್ಲ. ಸ್ಟಾರ್ಡ್ಯೂ ಕೊಂಡಾಗ ನಿಮ್ಮ ಮನೆಯವರಿಗೆ ಒಂದು ಸಂಗತಿಯನ್ನು ಮೊದಲೇ ತಿಳಿಸಿಬಿಡಿ: ಆಟದೊಳಗಿನ ದಿನ ಮುಗಿದು ಪಾತ್ರ ಮಲಗಿದಾಗ ಮಾತ್ರ ಅದು ಸೇವ್ ಆಗುತ್ತದೆ. ಮಧ್ಯಾಹ್ನಕ್ಕೇ ಮುಚ್ಚಿದರೆ ಅಂದು ನೀರು ಹಾಯಿಸಿದ್ದೆಲ್ಲ ವ್ಯರ್ಥ. ನಮ್ಮ ಮನೆಯಲ್ಲಿ ಆ ಒಂದು ಕಾರಣಕ್ಕೆ ಎರಡು ದಿನ ಮಾತು ನಿಂತಿತ್ತು.